ಹಳೇ ಸಾಮಾನಿನ ಡಬ್ಬಿ

ಫೆಬ್ರವರಿ 20

ಮಾವ,

ಕ್ಷೇಮ ಸಮಾಚಾರ ಇನ್ನೊಮ್ಮೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ತಮ್ಮನ ಕಾರಿನ ಗೇರ್‌ಬಾಕ್ಸ್ ಸುಟ್ಟಿದೆ. ಎರಡನೇ ಗೇರಿಗೆ ಬಿದ್ದರೆ ಇಂಜಿನ್ ಕಿರುಚುತ್ತದೆ, ಕಾರು ಮಾತ್ರ ನಿಂತಲ್ಲೇ ಯೋಚನೆ ಮಾಡುತ್ತದೆ. ಬಾಕ್ಸಿನ ಅಡಿಯ ಪ್ಯಾನ್ ಇಳಿಸಿ ನೋಡಿದೆ. ಆಯಿಲ್ ಮಸಿಯ ಹಾಗೆ ಕಪ್ಪು. ಸುಟ್ಟ ವಾಸನೆ ಶೆಡ್ಡಿನಿಂದ ಅಡುಗೆಮನೆಯವರೆಗೂ ಹೋಗಿ ಅಮ್ಮ ಗಾಬರಿಯಿಂದ ಒಲೆ ಆರಿಸಿ ಬಂದಳು.

ಫೋನಿನಲ್ಲಿ ಕೇಳೋಣವೆಂದರೆ ನಿಮ್ಮ ಗಂಟಲನ್ನು ಡಾಕ್ಟರು ಕತ್ತರಿಸಿಟ್ಟುಕೊಂಡಿದ್ದಾರೆ. ಮೆಸೇಜ್ ಓದುವವರಂತೂ ನೀವಲ್ಲ. ಹಾಗಾಗಿ ಈ ಕಾಗದ.

ನಿಮಗೆ ಗೊತ್ತಲ್ಲ, ಅವನು ಓಡಿಸಬಹುದಾದ ವೇಗದ ಕಾರು ಇದೊಂದೇ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲದವನಿಗೆ ಕ್ಲಚ್ ತುಳಿಯುವ ಕಾರು ಆಗುವುದಿಲ್ಲ. ಆಟೋಮ್ಯಾಟಿಕ್‌ಗೆ ಬಲಗಾಲೊಂದು ಸಾಕು. ಎರಡು ವರ್ಷದಿಂದ ಅವನು ಕೋಣೆಯಿಂದ ಹೊರಗೆ ಬಂದಿದ್ದು ಆಸ್ಪತ್ರೆಗೆ ಮಾತ್ರ. ಕೃತಕ ಕಾಲು ಮಂಚದ ಕೆಳಗೆ ಪೆಟ್ಟಿಗೆಯಲ್ಲೇ ಇದೆ. ಜನವರಿಯಲ್ಲಿ ಒಂದು ದಿನ ಬಾಗಿಲ ಆಚೆಯಿಂದ ಅಮ್ಮನಿಗೆ ಹೇಳಿದ: "ಆ ಹಳೇ ರನ್‌ವೇ ಮುಚ್ಚಿಬಿಡ್ತಾರಂತೆ. ಅದಕ್ಕೆ ಮುಂಚೆ ಒಂದೇ ಒಂದ್ಸಲ ಓಡಿಸ್ಬೇಕು." ಮೇ 11ರ ಭಾನುವಾರ ಅಲ್ಲಿ ಕಾರುಗಳ ಕೊನೆಯ ಓಟ. ಎರಡು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಇಷ್ಟೇ. ಈ ಆಸೆಯೂ ಕೈಬಿಟ್ಟರೆ ಅವನು ನಮಗೆ ಉಳಿಯುತ್ತಾನೆಂಬ ಧೈರ್ಯ ನನಗಿಲ್ಲ. ಅಮ್ಮ ಅವನ ಕೋಣೆಯ ಚಿಲಕ ಬಿಚ್ಚಿಸಿದ್ದಾಳೆ. ಇದಕ್ಕಿಂತ ಬಿಡಿಸಿ ಬರೆಯಲಾರೆ.

ಈ ಬಾಕ್ಸನ್ನು ಕೊನೆಯ ಸಲ ಬಿಚ್ಚಿ ಕಟ್ಟಿದವರು ನೀವು. ಸಾಮಾನು ಆರಿಸಿಕೊಡಿ. ಬಾಕ್ಸಿನೊಳಗಿನ ಕ್ಲಚ್ಚುಗಳಿಗೆ ಅಂಗಡಿಯವನು ಎರಡು ಬಗೆಯ ಪ್ಲೇಟ್ ತೋರಿಸುತ್ತಿದ್ದಾನೆ. ಒಂದು ಮಾಮೂಲಿ ಕಂದು ಬಣ್ಣದ್ದು, ಇನ್ನೊಂದು ಗಟ್ಟಿ ಕೆಂಪು, ರೇಸಿನವರು ಹಾಕುವುದು. ಡ್ರಮ್ಮಿನಲ್ಲಿ ಐದು ಹಾಕಲೋ, ಸ್ಟೀಲ್ ಪ್ಲೇಟ್ ತೆಳ್ಳಗೆ ಮಾಡಿ ಆರು ತುರುಕಲೋ? ಟಾರ್ಕ್ ಕನ್ವರ್ಟರ್ ಹಳೆಯದೇ ಇರಲೋ? ಬೇಗ ಬರೆಯಿರಿ.

ನಿಮ್ಮ ವಾಷರ್

———

ಫೆಬ್ರವರಿ 28

ವಾಷರಮ್ಮನವರಿಗೆ,

ಆರು ವರ್ಷದವಳಿದ್ದಾಗ ನನ್ನ ಶೆಡ್ಡಿನ ನೆಲದಿಂದ ವಾಷರ್ ಆರಿಸಿ ಲಂಗದಲ್ಲಿ ತುಂಬಿಕೊಂಡು ಓಡುತ್ತಿದ್ದವಳು ಈಗ ಕನ್ವರ್ಟರ್ ಬಗ್ಗೆ ಕೇಳುತ್ತಿದ್ದೀಯ. ನನಗೆ ವಯಸ್ಸಾಗಿದ್ದು ಹೀಗೆ ಗೊತ್ತಾಗುತ್ತಿದೆ.

ಕೇಳು. ಎರಡು ವರ್ಷ ನಿಂತ ಬಾಕ್ಸಿನಲ್ಲಿ ರಬ್ಬರ್ ಸೀಲುಗಳು ಒಣಗಿ ಕಡ್ಡಿಯಾಗಿರುತ್ತವೆ. ಆಯಿಲ್ ಒತ್ತಡ ಸೋರುತ್ತದೆ, ಪ್ಲೇಟ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಜಾರುತ್ತದೆ, ಸುಡುತ್ತದೆ. ಸುಟ್ಟಿದ್ದು ಪ್ಲೇಟ್, ತಪ್ಪು ಸೀಲಿನದ್ದು. ಮೊದಲು ಎಲ್ಲಾ ಸೀಲು ಹೊಸದು. ಪ್ಲೇಟ್ ಕಂದು ಬಣ್ಣದ್ದೇ ತಗೋ, ಐದೇ ಹಾಕು. ಆರು ತುರುಕಿದರೆ ಪ್ಲೇಟುಗಳಿಗೆ ಉಸಿರಾಡಲು ಜಾಗ ಇರುವುದಿಲ್ಲ, ಬಿಟ್ಟಾಗಲೂ ಉಜ್ಜುತ್ತಿರುತ್ತವೆ. ಹಾಕುವ ಮೊದಲು ಒಂದು ಗಂಟೆ ಆಯಿಲ್‌ನಲ್ಲಿ ನೆನೆಹಾಕು. ಕನ್ವರ್ಟರ್ ಹೊಸದು ಹಾಕು, ಹಳೆಯದರ ಹೊಟ್ಟೆಯೊಳಗೆ ಸುಟ್ಟ ಪುಡಿ ಕೂತಿರುತ್ತದೆ. ಕೂಲರಿನ ಪೈಪುಗಳನ್ನೂ ತೊಳೆ. ಜನ ಅದನ್ನು ಮರೆತು ಹೊಸ ಬಾಕ್ಸಿಗೆ ಹಳೆ ಕೊಳೆ ಕುಡಿಸುತ್ತಾರೆ.

ಲಿವರ್ ಹಿಡಿಯುವ ಸ್ಪ್ರಿಂಗನ್ನೂ ಬದಲಾಯಿಸು. ವಾಲ್ವ್ ಬಾಡಿಯ ಮೂಲೆಯಲ್ಲಿ, ತುದಿಗೆ ಉರುಳೆ ಇರುವ ಪಟ್ಟಿ ಸ್ಪ್ರಿಂಗ್.

ನಾನು ಕೊಟ್ಟ ಡಬ್ಬಿ ಇದೆಯಲ್ಲ? ನನ್ನ ಪದ್ಧತಿ ನಿನಗೆ ಗೊತ್ತು. ಹೊಸದೊಂದು ಒಳಗೆ ಹೋದರೆ ಹಳೆಯದೊಂದು ಬಿಸ್ಕೆಟ್ ಡಬ್ಬಿಗೆ, ಡಬ್ಬಿ ಕಾರಿನವರ ಕೈಗೆ. ಅದನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡು.

ಸಣ್ಣವನಿಗೆ ನನ್ನ ಆಶೀರ್ವಾದ ತಿಳಿಸು. ಅವನು ನನ್ನನ್ನು ಕೇಳುತ್ತಾನೆಯೇ?

ಮಾವ

———

ಮಾರ್ಚ್ 8

ಮಾವ,

ಬೈಯಬೇಡಿ. ಕೆಂಪು ಪ್ಲೇಟೇ ತಂದೆ. ನೀವು ಕಟ್ಟುತ್ತಿದ್ದ ಕಾಲಕ್ಕೂ ಈಗಿನ ಇಂಜಿನ್ ಕೊಡುವ ಏಟಿಗೂ ವ್ಯತ್ಯಾಸವಿದೆ. ಐದೇ ಹಾಕಿದ್ದೇನೆ, ಅಷ್ಟರಮಟ್ಟಿಗೆ ನಿಮ್ಮ ಮಾತು ಉಳಿಸಿದ್ದೇನೆ. ಸೀಲು, ಕನ್ವರ್ಟರ್ ಹೊಸದು. ಕೂಲರ್ ಪೈಪಿನಿಂದ ಬಂದ ಕೊಳೆ ನೋಡಿದ್ದರೆ ನೀವು ಗಂಟಲಿಲ್ಲದೆಯೂ ಬೈಯುತ್ತಿದ್ದಿರಿ.

ಸ್ಪ್ರಿಂಗ್ ವಿಷಯ. ಅಂಗಡಿಯವನು ನಕ್ಕ. "ಅದನ್ನ್ಯಾರು ಬದಲಾಯಿಸ್ತಾರೆ ಮೇಡಂ? ಆಯಸ್ಸು ಪೂರ್ತಿ ಬರುತ್ತೆ" ಎಂದ. ನಾನೂ ಬಿಚ್ಚಿ ನೋಡಿದೆ, ಮುರಿದಿಲ್ಲ, ಬಿರುಕಿಲ್ಲ. ಹೋಗಲಿ ಬಿಡಿ.

ಮೊನ್ನೆ ಪೂರ್ತಿ ಕಟ್ಟಿದೆ. ಕಂಪ್ರೆಸರ್ ಗಾಳಿ ಬಿಟ್ಟು ಪ್ರತಿ ಕ್ಲಚ್ಚೂ ಹಿಡಿಯುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ಧಪ್, ಧಪ್, ಎಲ್ಲವೂ ಹಿಡಿದವು. ಆಮೇಲೆ ಕೈ ಒರೆಸಿಕೊಳ್ಳುವಾಗ ಡ್ರಮ್ಮಿನೊಳಗಿನ ಸರ್ಕ್ಲಿಪ್ ಉಂಗುರ ತನ್ನ ತೋಡಿನಲ್ಲಿ ಕೂತಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಎಲ್ಲಾ ಬಿಚ್ಚಿದೆ. ಕೂತಿತ್ತು.

ತಮ್ಮ ಶೆಡ್ಡಿನ ಕಡೆ ಬಂದಿಲ್ಲ. ಅವನ ಕಿಟಕಿ ಶೆಡ್ಡಿಗೇ ಎದುರು, ಪರದೆ ಎಳೆದೇ ಇರುತ್ತದೆ. ನನ್ನ ಮುಖ ನೋಡುವುದು ಬೇಡ ಅಂತಲೇ ಇರಬೇಕು. ನಿಮ್ಮನ್ನು ಕೇಳುತ್ತಾನಾ ಎಂದಿರಿ. ಅವನು ಯಾರನ್ನೂ ಕೇಳುವುದಿಲ್ಲ ಮಾವ.

ವಾಷರ್

———

ಮಾರ್ಚ್ 16

ಮಗಳೇ,

ಕೆಂಪು ಪ್ಲೇಟ್ ಗಟ್ಟಿ ನಿಜ. ಆದರೆ ಅದು ಹಿಡಿಯುವಾಗ ಒದೆಯುತ್ತದೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ಕೂತ ಹುಡುಗನಿಗೆ ಗೇರು ಬಿದ್ದಾಗಲೆಲ್ಲ ಬೆನ್ನಿಗೆ ಗುದ್ದು ಬೀಳುತ್ತದೆ. ಇಂಜಿನ್ ನೋಡಿದೆ, ಅವನನ್ನು ನೋಡಲಿಲ್ಲ. ಕಂದು ಪ್ಲೇಟ್ ತಂದು ಹಾಕು. ಕಾಲ ನನ್ನದಾದರೂ ಬುದ್ಧಿ ಇನ್ನೂ ಕೆಟ್ಟಿಲ್ಲ.

ಸ್ಪ್ರಿಂಗ್ ಬದಲಾಯಿಸು. ಮುರಿಯದಿದ್ದರೂ ಅದು ಸೋಲುತ್ತದೆ. ಅಂಗಡಿಯವನ ಮಾತು ಕಟ್ಟಿಕೊಂಡು ನಿನಗೇನಾಗಬೇಕು?

ಡಬ್ಬಿ ನೋಡಿದೆಯಾ? ಬರೆದೇ ಇಲ್ಲ.

ನನ್ನ ಕೋಣೆಯ ಎದುರಿಗೆ ಮರ ಕೊಯ್ಯುವ ಮಿಲ್ಲಿದೆ. ಬೆಳಗಿನಿಂದ ಸಂಜೆಯವರೆಗೆ ಗರಗಸ. ಮಗಳು ಕಿಟಕಿ ಮುಚ್ಚುತ್ತಾಳೆ, ನಾನು ತೆಗೆಯುತ್ತೇನೆ. ಸದ್ದಿದ್ದರೆ ಒಳ್ಳೆಯದು, ಯೋಚನೆ ತುಂಡಾಗುತ್ತದೆ.

ಮಾವ

———

ಮಾರ್ಚ್ 24

ಮಾವ,

ಕಂದು ಪ್ಲೇಟ್ ತಂದೆ. ನೀವು ಹೇಳಿದ ಕಾರಣ ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು. ನೆನೆಹಾಕಿ ಕಟ್ಟಿದೆ. ಮತ್ತೆ ಬಿಚ್ಚಿದೆ. ಈ ಸಲ ಥ್ರಸ್ಟ್ ವಾಷರ್ ತಿರುಗಾಮುರುಗಾ ಆಗಿದೆಯೇನೋ ಎಂದು. ಆಗಿರಲಿಲ್ಲ. ನಿನ್ನೆ ಮೂರನೆಯ ಸಲ. ಸಂದು ಅಳೆಯುವ ಫೀಲರ್ ಗೇಜ್ ಹಿಡಿದ ಕೈ ನಡುಗುತ್ತದೆ, ಅಳತೆ ಒಂದೊಂದು ಸಲ ಒಂದೊಂದು ಬರುತ್ತದೆ.

ನೀವು ಪ್ರತಿ ಕಾಗದದಲ್ಲೂ ಆ ಸ್ಪ್ರಿಂಗ್, ಆ ಡಬ್ಬಿ ಎನ್ನುತ್ತೀರಿ. ನಿಮ್ಮ ಮಗಳು ಅಮ್ಮನಿಗೆ ಫೋನ್ ಮಾಡಿ "ಅಪ್ಪಂಗೆ ಈಗೀಗ ಮರೆವು, ಹೇಳಿದ್ದನ್ನೇ ಹೇಳ್ತಾರೆ" ಎಂದಳು. ನೀವು ಬರೆದದ್ದು ನಿಮಗೆ ನೆನಪಿರಲಿಕ್ಕಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಕೈಗೆ ಏನಾಗಿದೆಯೆಂದು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಆ ದಿನದ ಬಗ್ಗೆ ನಾವು ಒಮ್ಮೆಯೂ ಬರೆದುಕೊಂಡಿಲ್ಲ. ನೀವು ಬಾಕ್ಸ್ ಕಟ್ಟಿಕೊಟ್ಟು ಹನ್ನೊಂದು ದಿನವಾಗಿತ್ತು. ನಾನೇ ಕಾರು ಶೆಡ್ಡಿನಿಂದ ಅಂಗಳಕ್ಕೆ ತಂದೆ, ಲಿವರನ್ನು ಚಕ್ರ ಬಿಗಿಯುವ ಪಾರ್ಕಿಗೆ ತಳ್ಳಿ, ಇಂಜಿನ್ ಓಡುತ್ತಿರುವ ಹಾಗೇ ಸ್ಪ್ಯಾನರ್ ತರಲು ಇಳಿದೆ. ಅವನು ಸೈಲೆನ್ಸರಿನ ಸದ್ದು ಕೇಳಲು ಹಿಂದೆ ಹೋಗಿ ಕೂತ. ಅವನ ಬೆನ್ನಿಗೆ ನೀರಿನ ತೊಟ್ಟಿಯ ಗೋಡೆ. ಕಾರು ಒಂದು ನಿಮಿಷ ಸುಮ್ಮನಿತ್ತು, ಆಮೇಲೆ ತಾನಾಗಿಯೇ ಪಕ್ಕದ ರಿವರ್ಸಿಗೆ ಬಿದ್ದು ಹಿಂದಕ್ಕೆ ಹೋಯಿತು. ನಾನು ಲಿವರ್ ಪೂರ್ತಿ ತಳ್ಳಿರಲಿಲ್ಲ. ಬೇರೆ ಹೇಗೆ ಆಗುತ್ತದೆ?

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಮಗೆ ಹೇಳಿದೆ: "ನಾನೇ ಸರಿಯಾಗಿ ಹಾಕಿಲ್ಲ ಮಾವ." ನೀವು ನನ್ನ ತಲೆಯ ಮೇಲೆ ಕೈಯಿಟ್ಟಿರಿ. ಒಂದು ಮಾತೂ ಆಡಲಿಲ್ಲ, ಬೈಯಲೂ ಇಲ್ಲ. ಆ ಮೌನದ ಋಣ ನನ್ನ ಮೇಲಿದೆ. ಬೇರೆ ಯಾರೇ ಆಗಿದ್ದರೂ ಏನಾದರೂ ಅಂದುಬಿಡುತ್ತಿದ್ದರು.

ಅವನ ಕಾಲು ತೆಗೆದ ಕೈಯಿಂದಲೇ ಅವನ ಗೇರ್‌ಬಾಕ್ಸ್ ಕಟ್ಟುತ್ತಿದ್ದೇನೆ. ಇದು ನನ್ನಿಂದ ಆಗುವುದಿಲ್ಲ. ಆಗಲ್ಲ ಅಂತ ಅವನಿಗೆ ಹೇಳಿಬಿಡುತ್ತೇನೆ. ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ ಮಾವ, ಯೋಚಿಸಲೂ ಭಯ.

———

ಮಾರ್ಚ್ 31

ಆಗಲ್ಲ ಅಂತ ಹೇಳಬೇಡ. ಅವನಿಗೆ ಏನನ್ನೂ ಹೇಳಬೇಡ.

ನನಗೆ ಮರೆವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಡಬ್ಬಿ ತೆಗೆ. ಒಂದೊಂದೇ ಸಾಮಾನನ್ನು ಮೇಜಿನ ಮೇಲಿಟ್ಟು ಜೊತೆ ಮಾಡು. ಆಮೇಲೆ ಬರೆ.

ಮಾವ

———

ಏಪ್ರಿಲ್ 7

ಮಾವ,

ಡಬ್ಬಿ ಅಟ್ಟದ ಮೇಲಿತ್ತು, ಮುಚ್ಚಳ ತುಕ್ಕು ಹಿಡಿದಿತ್ತು. ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ, ಒಂದು ಸಾಲಿನಲ್ಲಿ ಬಾಕ್ಸಿನಿಂದ ಬಿಚ್ಚಿದ್ದು, ಅದರ ಕೆಳಗೆ ನೀವು ಆಗ ತೆಗೆದು ಡಬ್ಬಿಗೆ ಹಾಕಿದ್ದು, ಹೀಗೆ ಜೋಡಿಸಿದೆ. ಪ್ಲೇಟಿಗೆ ಪ್ಲೇಟು, ಸೀಲಿಗೆ ಸೀಲು, ಬ್ಯಾಂಡಿಗೆ ಬ್ಯಾಂಡು. ನೀವು ಬದಲಾಯಿಸಿದ ನಾಲ್ಕಾಣೆ ಅಗಲದ ಸ್ಪ್ರಿಂಗುಗಳನ್ನೂ ನೂಲಿನಿಂದ ಕಟ್ಟಿ ಇಟ್ಟಿದ್ದೀರಿ. ಡಬ್ಬಿಯ ಮುಚ್ಚಳದೊಳಗೆ ನಿಮ್ಮ ಕೈಬರಹದ ಚೀಟಿ, ಬದಲಾಯಿಸಿದ ಪ್ರತಿಯೊಂದರ ಹೆಸರು. ಅದರಲ್ಲಿ "ಲಿವರ್ ಸ್ಪ್ರಿಂಗ್" ಎಂದೂ ಇದೆ.

ಡಬ್ಬಿಯಲ್ಲಿ ಅದು ಇಲ್ಲ.

ಬಾಕ್ಸಿನಿಂದ ಬಿಚ್ಚಿದ ಸ್ಪ್ರಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಉರುಳೆ ಒಂದು ಕಡೆ ಸವೆದು ಚಪ್ಪಟೆ. ಕಾರಿಗೆ ಎಷ್ಟು ವಯಸ್ಸೋ ಅದಕ್ಕೂ ಅಷ್ಟೇ.

ಮಾವ, ಹೊಸ ಸ್ಪ್ರಿಂಗ್ ಎಲ್ಲಿ? ಇದೇ ಪ್ರಶ್ನೆಯನ್ನು ಹತ್ತು ಸಲ ಬರೆದು ಹರಿದು ಹಾಕಿದೆ. ಇದು ಹನ್ನೊಂದನೆಯದು. ನಾನು ಅಂದುಕೊಳ್ಳುತ್ತಿರುವುದು ಸುಳ್ಳು ಎಂದು ಬರೆದುಬಿಡಿ. ನಂಬುತ್ತೇನೆ.

———

ಏಪ್ರಿಲ್ 13

ಮಗಳೇ,

ಸುಳ್ಳಲ್ಲ.

ಚೀಟಿಯನ್ನು ಮೊದಲೇ ಬರೆದಿಟ್ಟಿದ್ದೆ, ಸಾಮಾನು ತಂದ ದಿನವೇ. ಒಂದೊಂದೇ ಹಾಕುತ್ತ ಹೋದೆ. ಪ್ಯಾನ್ ಮುಚ್ಚಿ, ಆಯಿಲ್ ತುಂಬಿ, ಕೈ ತೊಳೆದು ಅಂಗಿ ಹಾಕಿಕೊಳ್ಳುವಾಗ ಜೇಬಿನಲ್ಲಿ ಏನೋ ಚುಚ್ಚಿತು. ಹೊಸ ಸ್ಪ್ರಿಂಗ್. ಕಳೆಯಬಾರದೆಂದು ಜೇಬಿಗೆ ಹಾಕಿಕೊಂಡಿದ್ದೆ. ಮತ್ತೆ ಆಯಿಲ್ ಇಳಿಸಿ ಪ್ಯಾನ್ ಬಿಚ್ಚಿದರೆ ಎರಡು ಬೋಲ್ಟಿನ ಕೆಲಸ. ಅರ್ಧ ಗಂಟೆ. ಸಣ್ಣವನು ಬಾಗಿಲಲ್ಲಿ ಕೀ ತಿರುಗಿಸುತ್ತ "ಆಯ್ತಾ ಮಾವ, ಆಯ್ತಾ ಮಾವ" ಎನ್ನುತ್ತಿದ್ದ. ಹಳೆಯದು ಇನ್ನೂ ನಡೆಯುತ್ತದೆ ಅಂದುಕೊಂಡೆ. "ಆಯ್ತು, ತಗೊಂಡ್ಹೋಗು" ಎಂದೆ. ನಲವತ್ತು ವರ್ಷದ ಕೆಲಸದಲ್ಲಿ ಹಾಗೆ ಅಂದದ್ದು ಅದೊಂದೇ ಸಲ ಎಂದು ಬರೆಯಲು ಆಸೆ. ಗೊತ್ತಿಲ್ಲ, ಎಷ್ಟು ಸಲವೋ. ಬೇರೆ ಸಲಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಆ ಮಾತು ಹೇಳಿದಾಗ ನನ್ನ ಗಂಟಲು ನೆಟ್ಟಗಿತ್ತು. ಒಂದು ವಾಕ್ಯ ಸಾಕಿತ್ತು. ನಾಳೆ ಹೇಳುತ್ತೇನೆ ಅಂದುಕೊಂಡೆ. ಆಮೇಲೆ ಮಗಳ ಮನೆಗೆ ಹೊರಟುಬಿಟ್ಟೆ. ಗಂಟಲು ಹೋದ ದಿನ, ನಾಚಿಕೆಯಿಲ್ಲದೆ ಬರೆಯುತ್ತೇನೆ, ಒಂದು ನೆಮ್ಮದಿಯೂ ಆಯಿತು. ಇನ್ನು ಹೇಳಬೇಕಾಗಿಲ್ಲವಲ್ಲ ಎಂದು. ಅಷ್ಟರಲ್ಲಿ ನಿನ್ನ ಕಾಗದ ಬಂತು.

ಅದು ಋಣದ ಮೌನವಲ್ಲ ಮಗಳೇ. ಹೇಡಿಯ ಮೌನ. ನೀನು ಅದಕ್ಕೆ ಕೈ ಮುಗಿದದ್ದು ಓದಿ ನಾನು ಈ ಕೋಣೆಯಲ್ಲಿ ಹೇಗೆ ಕೂತಿದ್ದೆನೋ ದೇವರಿಗೇ ಗೊತ್ತು.

ಸ್ಪ್ರಿಂಗ್ ಇದರ ಜೊತೆಗಿದೆ. ಎರಡು ವರ್ಷ ಕನ್ನಡಕದ ಡಬ್ಬಿಯಲ್ಲಿತ್ತು. ಫೆಬ್ರವರಿಯಿಂದ ಪ್ರತಿ ಕಾಗದದ ಜೊತೆ ಲಕೋಟೆಗೆ ಹಾಕಿ ಮತ್ತೆ ತೆಗೆದುಕೊಂಡಿದ್ದೇನೆ. ನೀನೇ ಕಂಡುಹಿಡಿಯಲಿ, ನನ್ನ ಬಾಯಿಂದ ಬರದಿರಲಿ ಎಂದಿತ್ತು.

ನಿನ್ನ ಕೈಯಲ್ಲಿ ತಪ್ಪಿಲ್ಲ. ಕಟ್ಟು.

ಮಾವ

———

ಏಪ್ರಿಲ್ 20

ಮಾವ,

ನಿಮ್ಮ ಕಾಗದ ಬಂದು ಎರಡು ದಿನ ನಾನು ಶೆಡ್ಡಿನ ಬೀಗ ತೆಗೆಯಲಿಲ್ಲ. ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದೆ. ಅಮ್ಮ "ಯಾರ ಹತ್ರ ಮಾತಾಡ್ತಿದೀಯೇ?" ಎಂದು ಬಂದು ನೋಡಿದಳು. ಯಾರೂ ಇಲ್ಲ ಎಂದೆ.

ಎರಡು ವರ್ಷ ಮಾವ. ಎರಡು ವರ್ಷದಿಂದ ನಾನು ಊಟದ ತಟ್ಟೆ ಅವನ ಬಾಗಿಲಲ್ಲಿಟ್ಟು ತಲೆಯೆತ್ತದೆ ಬಂದಿದ್ದೇನೆ. ಒಂದು ವಾಕ್ಯ ಸಾಕಿತ್ತೆಂದು ಈಗ ಬರೆಯುತ್ತೀರಿ!

ಮೂರನೆಯ ದಿನ ಶೆಡ್ಡಿಗೆ ಹೋಗಿ ಪರೀಕ್ಷೆ ಮಾಡಿದೆ. ಬಾಕ್ಸ್ ಮೇಜಿನ ಮೇಲೆ, ಹಳೇ ಸ್ಪ್ರಿಂಗ್ ಹಾಕಿದೆ. ಲಿವರನ್ನು ಪೂರ್ತಿ ತಳ್ಳಿದಾಗ ಇಪ್ಪತ್ತಕ್ಕೆ ಇಪ್ಪತ್ತು ಸಲ ಪಾರ್ಕಿನಲ್ಲೇ ನಿಂತಿತು. ಆಮೇಲೆ ಒಂದು ಬೆರಳಷ್ಟು ಕಡಿಮೆ ತಳ್ಳಿದೆ. ಉರುಳೆ ಎರಡು ಕುಳಿಗಳ ನಡುವಿನ ಉಬ್ಬಿನ ಮೇಲೆ ಕೂತುಬಿಟ್ಟಿತು, ಅಲ್ಲೂ ಇಲ್ಲ ಇಲ್ಲೂ ಇಲ್ಲ. ಓಡುವ ಇಂಜಿನ್ ನಡುಗಿಸುವ ಹಾಗೆ ಸುತ್ತಿಗೆಯ ಹಿಡಿಯಿಂದ ಬಾಕ್ಸನ್ನು ತಟ್ಟಿದೆ. ಮೂರನೇ ಏಟಿಗೆ ರಿವರ್ಸಿಗೆ ಜಾರಿತು.

ನೀವು ಕಳಿಸಿದ ಸ್ಪ್ರಿಂಗ್ ಹಾಕಿ ಅದೇ ಒಂದು ಬೆರಳು ಕಡಿಮೆ ತಳ್ಳಿದೆ. ಟಕ್ ಎಂದು ತಾನೇ ಎಳೆದುಕೊಂಡು ಪಾರ್ಕಿಗೆ ಹೋಯಿತು. ಇಪ್ಪತ್ತಕ್ಕೆ ಇಪ್ಪತ್ತು.

ನನ್ನ ಕೈಯಲ್ಲಿ ತಪ್ಪಿಲ್ಲ ಎಂದಿರಿ. ಇತ್ತು. ಪೂರ್ತಿ ತಳ್ಳಿದ್ದರೆ ಹಳೆಯ ಸ್ಪ್ರಿಂಗೂ ನಿಲ್ಲಿಸುತ್ತಿತ್ತು. ಅದನ್ನು ನಿಮ್ಮ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ಆದರೆ ಅರ್ಧ ತಳ್ಳಿದ ಕೈಯನ್ನು ಪೂರ್ತಿ ಮಾಡುವುದಕ್ಕೆಂದೇ ಆ ಸ್ಪ್ರಿಂಗ್ ಇರುವುದು. ಜಗತ್ತಿನಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಅರ್ಧ ತಳ್ಳುತ್ತಾರೆ. ಇಬ್ಬರೂ ಹೊರಬೇಕಾದದ್ದನ್ನು ನನ್ನೊಬ್ಬಳ ತಲೆಯ ಮೇಲಿಟ್ಟು, ಅದೇ ತಲೆ ಸವರಿ ಹೋದಿರಿ.

ಈಗ ಕೇಳಿ. ಬಾಕ್ಸ್ ಕಟ್ಟಿ ಕಾರಿಗೆ ಏರಿಸಿದ್ದೇನೆ. ಕೈ ನಡುಗಲಿಲ್ಲ. ಪ್ಯಾನ್ ಮಾತ್ರ ಮುಚ್ಚಿಲ್ಲ, ಹೊಸ ಸ್ಪ್ರಿಂಗ್ ಕೆಳಗಿನಿಂದ ಕಾಣುತ್ತಿದೆ. ಅವನಿಗೆ ನಾನು ಹೇಳುವುದಿಲ್ಲ, ನೀವೇ ಬರೆಯಬೇಕು. ಅವನ ಹೆಸರಿಗೆ, ನಿಮ್ಮ ಕೈಬರಹದಲ್ಲಿ, ಎಲ್ಲವನ್ನೂ. ಅದು ಬರುವವರೆಗೆ ಪ್ಯಾನ್ ಮುಚ್ಚುವುದಿಲ್ಲ. ಹೇಳದೆ ಮುಚ್ಚಿದ ಪ್ಯಾನ್ ಈ ಮನೆಗೆ ಒಂದು ಸಾಕು. ಮೇ 11ಕ್ಕೆ ಇಪ್ಪತ್ತೊಂದು ದಿನ ಇದೆ. ಅವನು ಬದುಕುವುದು ಬಿಡುವುದು ಆ ದಿನದ ಮೇಲೆ ನಿಂತಿದೆಯೆಂದು ನಾನು ಮೊದಲೇ ಬರೆದಿದ್ದೇನೆ.

———

ಮೇ 4

ಮಾವ,

ಅವನ ಹೆಸರಿನ ಕಾಗದ ಶುಕ್ರವಾರ ಬಂತು. ದಪ್ಪ ಲಕೋಟೆ. ಅಮ್ಮ ತಟ್ಟೆಯ ಪಕ್ಕದಲ್ಲಿಟ್ಟು ಬಂದಳು. ಏನು ಬರೆದಿದ್ದಿರೋ ನಾನು ಓದಿಲ್ಲ, ಅವನು ತೋರಿಸಿಲ್ಲ, ನಾನು ಕೇಳುವುದೂ ಇಲ್ಲ. ಅವತ್ತು ತಟ್ಟೆ ಹಾಗೇ ಇತ್ತು. ಶನಿವಾರವೂ. ಅಮ್ಮ ಬಾಗಿಲಿಗೆ ಕಿವಿಯಿಟ್ಟು ಕೂತಳು. ಬರೆಯಲು ಹೇಳಿ ದೊಡ್ಡ ತಪ್ಪು ಮಾಡಿದೆ ಅಂದುಕೊಂಡೆ.

ಇವತ್ತು ಬೆಳಿಗ್ಗೆ ನಾನು ಕಾರಿನ ಕೆಳಗಿದ್ದೆ. ಅಂಗಳದಲ್ಲಿ ಹೆಜ್ಜೆ ಸದ್ದು, ಒಂದು ಮೆತ್ತಗೆ, ಒಂದು ಟಕ್ಕೆಂದು. ಕಾರಿನ ಅಡಿಯಿಂದ ಕಂಡದ್ದು ಒಂದು ಬರಿಗಾಲು ಮತ್ತು ಇನ್ನೂ ಬೆಲೆಚೀಟಿ ಅಂಟಿರುವ ಹೊಸ ಶೂ. ಕೃತಕ ಕಾಲು ಹಾಕಿಕೊಂಡಿದ್ದ.

"ಎಲ್ಲಿದೆ, ತೋರ್ಸು" ಎಂದ. ಟಾರ್ಚ್ ಬಿಟ್ಟು ಸ್ಪ್ರಿಂಗ್ ತೋರಿಸಿದೆ. ಗೋಡೆ ಹಿಡಿದು ಕಷ್ಟಪಟ್ಟು ಬಗ್ಗಿ ನೋಡಿದ. "ಇಷ್ಟೇನಾ?" ಎಂದ. ಇಷ್ಟೇ ಎಂದೆ. ಆಮೇಲೆ "ನೀನು ಪರದೆ ನೋಡಿ ನೋಡಿ ತಲೆ ತಗ್ಗಿಸ್ಕೊಂಡು ಹೋಗ್ತಿದ್ದೆ. ನಾನು ಅದ್ರ ಸಂದಿಯಿಂದ ನಿನ್ನೇ ನೋಡ್ತಿದ್ದೆ ಅಕ್ಕ. ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದ್ದೀಯ" ಎಂದ. "ಮುಚ್ಚು ಅದನ್ನ."

ಪ್ಯಾನ್ ಮುಚ್ಚಿದೆ, ಆಯಿಲ್ ತುಂಬಿದೆ. ಕಾರನ್ನು ಅಂಗಳಕ್ಕೆ ತರಲು ಹೇಳಿದ. ಆ ದಿನದಿಂದ ನಾನು ಅದರ ಸ್ಟೀರಿಂಗ್ ಮುಂದೆ ಕೂತಿರಲಿಲ್ಲ, ಪರೀಕ್ಷೆಗೂ ಪಕ್ಕದ ಗ್ಯಾರೇಜಿನವನನ್ನೇ ಕರೆಯುತ್ತಿದ್ದೆ. ಕೂತೆ. ತಂದೆ. ತೊಟ್ಟಿಯ ಮುಂದೆ ನಿಲ್ಲಿಸಿ ಬ್ರೇಕ್ ತುಳಿದುಕೊಂಡೇ ಚಕ್ರಕ್ಕೆ ಕಲ್ಲು ಕೊಡಲು ಅಮ್ಮನನ್ನು ಕೂಗಿದೆ. ಅಮ್ಮ ಕಲ್ಲಿಟ್ಟಳು. ಅವನು ಬಂದು ಆ ಕಲ್ಲನ್ನು ಹೊಸ ಶೂನಿಂದ ಒದ್ದು ಆಚೆ ಹಾಕಿದ. ನಂತರ ಹಿಂದೆ ಹೋಗಿ, ಗೋಡೆಗೂ ಕಾರಿಗೂ ನಡುವೆ, ಆವತ್ತಿನ ಜಾಗದಲ್ಲೇ ನಿಂತ.

"ಬೇಡ ಕಣೋ, ಈಚೆ ಬಾ!" ಎಂದು ಕಿರುಚಿದೆ. ಅಮ್ಮ ಅವನ ತೋಳು ಹಿಡಿದು ಎಳೆದಳು. ಅವನು ಕದಲಲಿಲ್ಲ.

"ಪಾರ್ಕಿಗೆ ಹಾಕು ಅಕ್ಕ. ಬ್ರೇಕ್ ಬಿಟ್ಟು ಇಳಿ."

ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಎರಡು ವರ್ಷದ ನಂತರ ನನ್ನ ಕಣ್ಣಿಗೇ ಕಣ್ಣಿಟ್ಟು ನೋಡುತ್ತಿದ್ದ. ಅವನಿಗೂ ಭಯವಿತ್ತು. ನಾನು ಲಿವರ್ ತಳ್ಳಿದೆ, ಪೂರ್ತಿ. ಕಾಲು ಬ್ರೇಕಿನಿಂದ ಎತ್ತಿದೆ. ಬಾಗಿಲು ತೆಗೆದು ಇಳಿದು ಎರಡೂ ಕೈ ಬಿಟ್ಟುಕೊಂಡು ಪಕ್ಕದಲ್ಲಿ ನಿಂತೆ. ಇಂಜಿನ್ ಓಡುತ್ತಿತ್ತು, ಕಾರು ನಡುಗುತ್ತಿತ್ತು. ಒಂದು ನಿಮಿಷ ಆಯಿತು. ಎರಡು ಆಯಿತು. ಅವನು ಬಂಪರಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಿದ್ದ. ಕಾರು ಒಂದು ಕೂದಲೆಳೆಯಷ್ಟೂ ಹಿಂದೆ ಬರಲಿಲ್ಲ.

ಹಳೇ ಸ್ಪ್ರಿಂಗನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಈಗ ನಿಮ್ಮ ಚೀಟಿಯಲ್ಲಿರುವುದೆಲ್ಲ ಅದರಲ್ಲಿದೆ.

ನಿಮ್ಮನ್ನು ನಾನಿನ್ನೂ ಕ್ಷಮಿಸಿಲ್ಲ. ಅವನು ಕ್ಷಮಿಸಿದ್ದಾನೋ ಇಲ್ಲವೋ ಗೊತ್ತಿಲ್ಲ. ಆದರೆ ಊಟಕ್ಕೆ ಅಡುಗೆಮನೆಗೇ ಬಂದು ಕೂತ. ಅರ್ಧ ಊಟದಲ್ಲಿ ತಲೆಯೆತ್ತಿ ಕೇಳಿದ: "ಹನ್ನೊಂದನೇ ತಾರೀಕು ಮಾವ ಬರ್ತಾರಾ?"

ಬಸ್ಸು ಬದಲಾಯಿಸುವ ಕಡೆ ನಾನು ಬಂದು ಕರೆದುಕೊಳ್ಳುತ್ತೇನೆ. ಮಾತಾಡಬೇಕಾದ್ದೇನೂ ಇಲ್ಲ, ಬಂದು ನಿಂತುಕೊಳ್ಳಿ ಸಾಕು.

ವಾಷರ್